ಕತ್ತರಿ ಮುಟ್ಟದ ಭಾನುವಾರ

17 ನವೆಂಬರ್ 2024, ಭಾನುವಾರ, ಮೈಸೂರು

ಮಗಳ ಮಂಚಕ್ಕೆ ಕೌದಿ ಹೊಲಿಯೋಣ ಅಂತ ಹೊರಟು ವಾರ ಕಳೆಯಿತು. ಇನ್ನೂ ಒಂದು ಚೂರು ಬಟ್ಟೆಯನ್ನೂ ಕತ್ತರಿಸಿಲ್ಲ. ಹೋದ ವರ್ಷ ದಿವಾನಕ್ಕೆ ಹೊಲಿದದ್ದು ಆರು ಇಂಚು ಕಡಿಮೆ ಬಂತಲ್ಲ, ಆ ಭಯ.

ಆಗ ಆದದ್ದು ಇಷ್ಟೇ. ರವಿಕೆ ಹೊಲಿದ ಕೈ ನನ್ನದು, ಅರ್ಧ ಇಂಚು ಬಿಟ್ಟು ಹೊಲಿಯುವುದು ಅಭ್ಯಾಸ. ಕ್ವಿಲ್ಟ್ ಪ್ಯಾಟರ್ನ್, ಅಂದರೆ ಹೊರದೇಶದ ಕೌದಿಯ ಅಳತೆ-ನಕ್ಷೆ, ಲೆಕ್ಕ ಇಟ್ಟಿರುವುದು ಕಾಲು ಇಂಚಿಗೆ. ನಾಲ್ಕೂವರೆ ಇಂಚಿನ ಒಂಬತ್ತು ಚೌಕ ಮೂರು ಮೂರರಂತೆ ಸೇರಿಸಿದರೆ ಒಂದು ಬ್ಲಾಕ್, ಎಲ್ಲ ಜೋಡಿಸಿದ ಮೇಲೆ ಅದು 12 ಇಂಚು ನಿಲ್ಲಬೇಕು. ನನ್ನದು ಹತ್ತೂವರೆಗೆ ನಿಂತಿತ್ತು. ಅಂಥ ನಾಲ್ಕು ಬ್ಲಾಕ್ ಜೋಡಿಸಿದಾಗ 48 ಇಂಚು ಆಗಬೇಕಾದ್ದು 42 ಆಯಿತು. ಒಂದೊಂದು ಹೊಲಿಗೆಯಲ್ಲಿ ಹೋದದ್ದು ಕಣ್ಣಿಗೇ ಕಾಣಲಿಲ್ಲ.

ಅದಕ್ಕೇ ಈ ಸಲ ಮೊದಲು ಕಾಗದದ ಮೇಲೆ. ಅಮೆರಿಕದ ಪ್ಯಾಟರ್ನ್ ಅದು, 48ಕ್ಕೆ 60 ಇಂಚು. ಸೋಫಾದ ಮೇಲೆ ಕೂತು ಕಾಲು ಮುಚ್ಚಿಕೊಳ್ಳಲು ಸರಿ. ಮಗಳ ಹಾಸಿಗೆ 36ಕ್ಕೆ 72. ಹಾಗಾಗಿ ಉದ್ದಕ್ಕೆ ಇನ್ನೊಂದು ಸಾಲು ಸೇರಿಸಿದೆ. 20 ಬ್ಲಾಕ್ ಇದ್ದದ್ದು 24 ಆಯಿತು, 48ಕ್ಕೆ 72. ಹೊದ್ದುಕೊಂಡರೆ ಉದ್ದ ಇನ್ನೂ ಸಾಲದು. ಚೌಕ ದೊಡ್ಡದು ಮಾಡಲೇ, ಇನ್ನೊಂದು ಸಾಲು ಹಾಕಲೇ ಅಂತ ನಾನು ಪೆನ್ಸಿಲ್ ಕಚ್ಚುತ್ತಾ ಕೂತಿದ್ದೆ. ಅತ್ತೆ ಅವರೆಕಾಯಿ ಬಿಡಿಸುತ್ತಾ, "ಸುತ್ತ ಒಂದು ಪಟ್ಟಿ ಕೊಟ್ರೆ ಆಯ್ತಲ್ವೇನಮ್ಮಾ" ಅಂದರು. ಮೂರು ಇಂಚಿನ ಪಟ್ಟಿ, 54ಕ್ಕೆ 78. ಮುಗಿಯಿತು! ಪಾಂಡವಪುರದಲ್ಲಿ ಹಳೇ ಸೀರೆ ಒಂದರ ಮೇಲೊಂದು ಹಾಸಿ, ಟೇಪನ್ನೇ ಮುಟ್ಟದೆ ಕೌದಿ ಹೊಲಿದವರು ಅವರು.

ಬಟ್ಟೆ ಎಷ್ಟು ಬೇಕು ಅನ್ನುವುದೇ ದೊಡ್ಡ ತಲೆನೋವು. ಕಡು ಬಣ್ಣದ್ದು ಒಂದೂವರೆ ಗಜ ಅಂತ ಪ್ಯಾಟರ್ನಿನಲ್ಲಿ ಬರೆದಿದೆ. ನಾನು ಸುಮ್ನೆ ಒಂದೂವರೆ ಮೀಟರ್ ತಂದಿದ್ದರೆ ಕೆಟ್ಟಿತ್ತು. ಅವರ ಲೆಕ್ಕ 42-44 ಇಂಚು ಅಗಲದ ಬಟ್ಟೆಗೆ. ಅದರ ಅಗಲಕ್ಕೆ ಕತ್ತರಿಸಿದ ನಾಲ್ಕೂವರೆ ಇಂಚಿನ ಒಂದು ಪಟ್ಟಿಯಲ್ಲಿ ಒಂಬತ್ತು ಚೌಕ ಸಿಗುತ್ತವೆ. ನಿನ್ನೆ ದೇವರಾಜ ಅರಸು ರಸ್ತೆಯಲ್ಲಿ ಕಡು ಬಣ್ಣಕ್ಕೆ ಅಂತ ಮನಸ್ಸಿಗೆ ಹಿಡಿಸಿದ ಕೆಂಪು ಕಾಟನ್ ಇದ್ದದ್ದು 36 ಪನ್ನ, ಅಂದರೆ 36 ಇಂಚು ಅಗಲ. ಅಂಚು ತೆಗೆದರೆ ಏಳೇ ಚೌಕ. ಪ್ರತಿ ಬ್ಲಾಕಿಗೆ ಐದರಂತೆ 120 ಕೆಂಪು ಚೌಕ ಬೇಕು. ಅಂದರೆ 18 ಪಟ್ಟಿ, 81 ಇಂಚು, ಎರಡು ಮೀಟರಿಗಿಂತ ಸ್ವಲ್ಪ ಜಾಸ್ತಿ. ಒಗೆದಾಗ ಕುಗ್ಗುವುದನ್ನೂ ಸೇರಿಸಿ ಎರಡೂವರೆ ಅಂತ ಬರೆದುಕೊಂಡೆ. ಕೆಂಪು ಬಣ್ಣ ಬಿಡುತ್ತದೆ, ಬಿಳಿಯ ಪಕ್ಕ ಕೂರಿಸುವ ಮೊದಲು ನೀರಿಗೆ ಹಾಕಲೇಬೇಕು.

ನಡುವೆ ಹತ್ತಿಯ ಹಾಳೆ ಹಾಕಿ ಅಂತಿದೆ. ನಮ್ಮೂರ ಚಳಿಗೆ ಅದು ಜಾಸ್ತಿಯೇ. ಅತ್ತೆಯ ಒಂದು ಕಾಟನ್ ಸೀರೆ ಅರ್ಧ ಮಾಡಿ ಪಕ್ಕಪಕ್ಕ ಜೋಡಿಸಿದರೆ ಧಾರಾಳ.

ಮಧ್ಯಾಹ್ನ ಉಳಿದಿದ್ದ ಲೈನಿಂಗ್ ಚೂರುಗಳಲ್ಲಿ ಒಂದು ಬ್ಲಾಕ್ ಹೊಲಿದು ನೋಡಿದೆ. ಮಶೀನಿನ ಮೇಲೆ ಕಾಲು ಇಂಚಿಗೆ ಸರಿಯಾಗಿ ಟೇಪ್ ಅಂಟಿಸಿಕೊಂಡಿದ್ದೆ. ಜೋಡಿಸುವ ಮೊದಲು, ಸುತ್ತ ಹೊಲಿಗೆಗೆ ಬಿಟ್ಟ ಕಾಲು ಇಂಚೂ ಸೇರಿ ಅದು ಹನ್ನೆರಡೂವರೆ ಇರಬೇಕು. ಹನ್ನೆರಡೂಕಾಲು ಬಂತು! ಟೇಪ್ ಒಂದು ಕೂದಲೆಳೆ ಸೂಜಿಯ ಕಡೆಗೆ ಸರಿಸಿ ಮತ್ತೆ ಹೊಲಿದೆ, ಸರಿ ಹೋಯಿತು. ಮೊದಲನೇ ಬ್ಲಾಕನ್ನು ಅತ್ತೆ ಆಗಲೇ ಅಡುಗೆಮನೆಗೆ ಒಯ್ದಿದ್ದಾರೆ. ಈಗ ಅದರ ಮೇಲೆ ಸಾರಿನ ಪಾತ್ರೆ ಕೂತಿದೆ.