ಮುಚ್ಚಿದ ಕೌಲಿಂಗ್ ನಂಬಿ ಕೆಟ್ಟ ದಿನ

ಒಳಗೆಲ್ಲ ಖಾಲಿ ಎಂದು ಕಾಲೇಜಿನ ಲ್ಯಾಬ್ ಅಟೆಂಡರ್ ಎರಡು ಸಲ ಹೇಳಿದ್ದರು. ಎರಡು ಸಲವೂ ನಾನು, "ಗೊತ್ತು ಯಜಮಾನರೇ, ಇಷ್ಟು ಹಳೆಯ ವಿಮಾನದ ಟ್ಯಾಂಕಿನಲ್ಲಿ ಪೆಟ್ರೋಲ್ ಎಲ್ಲಿಂದ ಬರಬೇಕು?" ಎಂದು ನಕ್ಕಿದ್ದೆ. ಅವರು ಸುಮ್ಮನಾದರು. ಹೆಲ್ಮೆಟ್ ಹಾಕಿಕೊಂಡು ಬಂದ ಸೂಪರ್‌ವೈಸರ್‌ಗೆ ಮೂರನೆಯ ಸಲ ಹೇಳುವ ಉಸಾಬರಿ ಯಾರಿಗೆ ಬೇಕು?

ಭಾರದ ಯಂತ್ರಗಳನ್ನು ಎತ್ತಿ ಸಾಗಿಸಿ ಕೂರಿಸುವುದು ನನ್ನ ಕಸುಬು. ಲೇತ್, ಬಾಯ್ಲರ್, ಜನರೇಟರ್ ಎಷ್ಟು ಸಾಗಿಸಿದ್ದೇನೋ ಲೆಕ್ಕವಿಲ್ಲ. ವಿಮಾನ ಸಿಕ್ಕಿದ್ದು ಅದೇ ಮೊದಲು. ವರ್ಕ್‌ಶಾಪಿನ ಹಿಂದೆ ಹುಣಸೆ ಮರದ ಕೆಳಗೆ ನಿಂತಿದ್ದ ಹಳೆಯ ತರಬೇತಿ ವಿಮಾನ ಎಚ್‌ಟಿ-2 ಅನ್ನು ಗೇಟಿನ ಮುಂದಿನ ಕಟ್ಟೆಯ ಮೇಲೆ ಕೂರಿಸಬೇಕಿತ್ತು. ನಲವತ್ತು ಮೀಟರ್ ದಾರಿ, ಒಂದು ಹೈಡ್ರಾ ಕ್ರೇನ್, ಎರಡು ಬೆಲ್ಟ್, ಐದು ಜನ ಖಲಾಸಿಗಳು. ಆಫೀಸಿನಲ್ಲಿ ಅದಕ್ಕೆ ಮೂರು ಗಂಟೆಯ ಬಾಡಿಗೆ ಬರೆದು ಕಳುಹಿಸಿದ್ದರು. ಸೈಟ್ ನೋಡಲು ಅವರಲ್ಲಿ ಒಬ್ಬರೂ ಬಂದಿರಲಿಲ್ಲ. ಕೆಲಸ ಹೇಗೆ ಮಾಡಬೇಕೆಂದು ಬರೆದ ಹದಿನಾಲ್ಕು ಪುಟದ ಮೆಥಡ್ ಸ್ಟೇಟ್‌ಮೆಂಟ್ ಮಾತ್ರ ತಪ್ಪದೆ ಬಂದಿತ್ತು. ಅದರಲ್ಲಿ ವಿಮಾನ ಇರಬೇಕಾದ ಜಾಗದಲ್ಲಿ ಹಿಂದಿನ ಕೆಲಸದ ಟ್ರಾನ್ಸ್‌ಫಾರ್ಮರ್ ಹೆಸರು ಹಾಗೇ ಉಳಿದಿತ್ತು.

ನನಗೆ ಮಾತ್ರ ಈ ವಿಮಾನದ ಮೇಲೆ ಅಕ್ಕರೆ. ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂಗೆ ಹೋದವರು ಯುದ್ಧವಿಮಾನ ಮಾರುತ್ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಎಚ್‌ಟಿ-2ರ ಕಡೆ ತಿರುಗಿಯೂ ನೋಡುವುದಿಲ್ಲ. ಆದರೆ ಮಾರುತ್‌ಗಿಂತ ಹತ್ತು ವರ್ಷ ಮೊದಲೇ, 1951ರ ಆಗಸ್ಟ್‌ನಲ್ಲಿ, ಹಾರಿದ್ದು ಇದೇ. ವಿನ್ಯಾಸ ಎಚ್‌ಎಎಲ್‌ನ ಡಾ. ವಿ. ಎಂ. ಘಾಟಗೆಯವರ ತಂಡದ್ದು. ಹಳೆಯ ಬ್ರಿಟಿಷ್ ತರಬೇತಿ ವಿಮಾನ ಟೈಗರ್ ಮಾತ್‌ನ ಜಾಗಕ್ಕೆ ಬಂದು, ನೂರೈವತ್ತಕ್ಕೂ ಹೆಚ್ಚು ತಯಾರಾಗಿ, ವಾಯುಪಡೆಯ ಎಷ್ಟೋ ತಲೆಮಾರಿನ ಹುಡುಗರನ್ನು ಮೊದಲ ಸಲ ನೆಲ ಬಿಡಿಸಿತು. ಘಾನಾ ದೇಶದ ವಾಯುಪಡೆಯೂ ಹನ್ನೆರಡನ್ನು ಕೊಂಡಿತ್ತು. 1980ರ ದಶಕದಲ್ಲಿ ಹೊಸ ತರಬೇತಿ ವಿಮಾನ ಎಚ್‌ಪಿಟಿ-32 ಬಂದ ಮೇಲೆ ಇದು ಮೂಲೆ ಸೇರಿತು. ಅಕ್ಷರ ಕಲಿಸಿದ ಮೇಷ್ಟರ ಹೆಸರು ಯಾರಿಗೆ ನೆನಪಿರುತ್ತದೆ!

ಇದನ್ನೆಲ್ಲ ಹಿಂದಿನ ರಾತ್ರಿಯೇ ಓದಿಕೊಂಡಿದ್ದೆ. ಖಾಲಿ ತೂಕ ಸುಮಾರು 700 ಕಿಲೋ, ರೆಕ್ಕೆಯ ಹರವು 10.7 ಮೀಟರ್, ಮೂತಿಯಲ್ಲಿ 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನ್. ಓದಿದ್ದೇ ಮುಳುವಾಯಿತು. ಮುಂದೆ ಎಂಜಿನ್ನಿನ ಭಾರವಿದೆ ಎಂಬ ಲೆಕ್ಕದಲ್ಲಿ ಬೆಲ್ಟ್‌ಗಳನ್ನು ಮುಂದಕ್ಕೆ ಹಾಕಿಸಿದೆ. ಪ್ರೊಪೆಲ್ಲರ್ ನೆಟ್ಟಗೆ ನಿಂತಿತ್ತು, ಕೌಲಿಂಗ್, ಅಂದರೆ ಎಂಜಿನ್ನಿನ ಮೇಲಿನ ಹೊದಿಕೆ, ಮುಚ್ಚಿತ್ತು. ತುಕ್ಕು ಹಿಡಿದ ನಾಲ್ಕು ಕ್ಲಿಪ್ ಬಿಚ್ಚಿ ಒಳಗೆ ಇಣುಕಿದ್ದರೆ ಹತ್ತು ನಿಮಿಷದ ಕೆಲಸ. ಹೈಡ್ರಾದ ಮೀಟರ್ ಓಡುತ್ತಿದೆಯಲ್ಲ ಎಂದು ಬಿಟ್ಟೆ.

ಬಾಲ ಹಗುರ ಎಂದುಕೊಂಡು ಇಬ್ಬರು ಹುಡುಗರನ್ನು ಬಾಲದ ಎರಡೂ ಬದಿಗೆ ನಿಲ್ಲಿಸಿದೆ. ಕೈ ಎತ್ತಿ ಆಪರೇಟರ್‌ಗೆ ಸನ್ನೆ ಮಾಡಿದೆ. ಬೆಲ್ಟ್ ಬಿಗಿಯಿತು. ಮುಂದಿನ ಚಕ್ರಗಳು ನೆಲ ಬಿಟ್ಟವು. ಒಂದು ಅಂಗುಲ, ನಾಲ್ಕು ಅಂಗುಲ. ಬಾಲ ಏಳಲೇ ಇಲ್ಲ. ಮೂತಿ ಮಾತ್ರ ಆಕಾಶ ನೋಡತೊಡಗಿತು. ಒಂದು ಕ್ಷಣ ಅದು ನಿಜಕ್ಕೂ ಹಾರಲು ಹೊರಟಂತೆ ಕಂಡಿತು. ಆಗ ನಿಲ್ಲಿಸು ಎನ್ನಬೇಕಿತ್ತು. ಬೆಲ್ಟ್ ಸರಿಯಾಗಿ ಕೂರುತ್ತಿರಬೇಕು, ಇನ್ನೊಂದಿಷ್ಟು ಎತ್ತಿದರೆ ಸಮನಾಗುತ್ತದೆ ಎಂದುಕೊಂಡು ಮತ್ತೆ ಕೈ ಎತ್ತಿದೆ. ಇವತ್ತಿಗೂ ರಾತ್ರಿ ಎಚ್ಚರವಾದಾಗ ನೆನಪಾಗುವುದು ಆ ಎರಡನೆಯ ಸನ್ನೆಯೇ.

ಹಿಂದಿನ ಬೆಲ್ಟ್ ಮುಂದಕ್ಕೆ ಜಾರಿತು. ಇಡೀ ಭಾರ ಬಾಲದ ಪುಟ್ಟ ಚಕ್ರದ ಮೇಲೆ ಕುಸಿಯಿತು. ಚಕ್ರ ಓರೆಯಾಯಿತು, ಬಾಲ ಕಾಂಕ್ರೀಟಿನ ಮೇಲೆ ಕರಕರ ಸದ್ದು ಮಾಡುತ್ತಾ ಪಕ್ಕಕ್ಕೆ ಸರಿಯಿತು. ಎಡಗಡೆಯ ಹುಡುಗ ಎರಡೂ ಕೈಯಿಂದ ಅದನ್ನು ತಡೆಯಲು ನೋಡುತ್ತಿದ್ದ. "ಬಿಡೋ, ಬಿಟ್ಟು ಓಡೋ!" ಎಂದು ಕೂಗಿದೆ. ಅವನು ಹಿಂದಕ್ಕೆ ಬಿದ್ದ. ಕಾಲು ತಪ್ಪಿಸಿಕೊಂಡಿತು, ಚಪ್ಪಲಿ ಅಡಿಗೆ ಸಿಕ್ಕಿತು. ಚಪ್ಪಲಿಯಲ್ಲಿ ಕೆಲಸಕ್ಕೆ ನಿಲ್ಲಿಸಿದ್ದೂ ನಾನೇ. ಸೇಫ್ಟಿ ಶೂ ಕೇಳಿ ಮೂರು ಮೇಲ್ ಕಳುಹಿಸಿದ್ದೆ ನಿಜ. ಅದನ್ನು ಆ ಹುಡುಗನ ಕಾಲಿಗೆ ಹೇಳಲಾಗುವುದಿಲ್ಲ.

ಇಳಿಸಿದ ಮೇಲೆ ಯಾರೂ ಮಾತನಾಡಲಿಲ್ಲ. ಅಟೆಂಡರ್ ಬಂದು, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಕೌಲಿಂಗ್ ಬಿಚ್ಚಿದರು. ಒಳಗೆ ಪ್ರೊಪೆಲ್ಲರ್ ಹಿಡಿದುಕೊಳ್ಳಲು ಬೆಸುಗೆ ಹಾಕಿದ ಪೈಪಿನ ಚೌಕಟ್ಟು, ಒಂದು ಗುಬ್ಬಿಗೂಡು. ಅಷ್ಟೇ.

"ಎಂಜಿನ್ ಎಲ್ಲಿ?"

"ಬೆಳಿಗ್ಗೆ ಅದರ ಪಕ್ಕದಲ್ಲೇ ನಿಂತು ಟೀ ಕುಡಿದಿರಲ್ಲ ಸರ್."

ಹೌದು, ಕುಡಿದಿದ್ದೆ. ಲ್ಯಾಬಿನಲ್ಲಿ, ಮಕ್ಕಳಿಗೆ ತೋರಿಸಲೆಂದು ಸೀಳಿ, ಕೆಂಪು ನೀಲಿ ಬಣ್ಣ ಬಳಿದು ಸ್ಟ್ಯಾಂಡ್ ಮೇಲೆ ನಿಲ್ಲಿಸಿದ ಎಂಜಿನ್. ನಾಲ್ಕು ಸಿಲಿಂಡರ್‌ಗಳೂ ಬಾವಲಿಯಂತೆ ತಲೆಕೆಳಗಾಗಿ ನೇತಾಡುತ್ತಿದ್ದವು. "ಇದು ಸಿರಸ್ ಅಲ್ಲವೇ?" ಎಂದು ನಾನೇ ಜಾಣತನ ತೋರಿಸಿದ್ದೆ. ಸ್ಪೇರ್ ಇರಬೇಕು ಎಂದುಕೊಂಡಿದ್ದೆ.

ಮಾರನೆಯ ದಿನ ಪಕ್ಕದ ಬೆಲ್ಲದ ಮಂಡಿಯಿಂದ ತೂಕದ ಯಂತ್ರ ತರಿಸಿ, ಮೂರು ಚಕ್ರಗಳನ್ನೂ ಒಂದೊಂದಾಗಿ ತೂಗಿ, ಭಾರದ ಕೇಂದ್ರ ಎಲ್ಲಿದೆ ಎಂದು ಸುಣ್ಣದ ಕಡ್ಡಿಯಿಂದ ಗೆರೆ ಎಳೆದೆವು. ನನ್ನ ಬೆಲ್ಟ್ ಇದ್ದ ಜಾಗಕ್ಕಿಂತ ಒಂದು ಮೊಳದಷ್ಟು ಹಿಂದೆ ಇತ್ತು. ಆ ಚೌಕಟ್ಟಿಗೆ ಮರಳಿನ ಚೀಲಗಳನ್ನು ಕಟ್ಟಿ, ನೆಲದಿಂದ ಒಂದು ಗೇಣು ಎತ್ತಿ ಹತ್ತು ನಿಮಿಷ ಹಾಗೇ ಬಿಟ್ಟೆವು. ಆಮೇಲೆ ವಿಮಾನ ತೊಟ್ಟಿಲ ಮಗುವಿನ ಹಾಗೆ ಹೋಗಿ ಕಟ್ಟೆಯ ಮೇಲೆ ಕುಳಿತಿತು. ಹೈಡ್ರಾದ ಎರಡನೆಯ ದಿನದ ಬಾಡಿಗೆಗೆ ಆಫೀಸಿನವರು ನನ್ನಿಂದ ವಿವರಣೆ ಕೇಳಿದರು. ಹುಡುಗನ ಕಾಲಿನ ಬಗ್ಗೆ ಯಾರೂ ಕೇಳಲಿಲ್ಲ. ಹೊಸ ಫಾರ್ಮ್ಯಾಟಿನಲ್ಲಿ ಎರಡು ಪುಟ ಹೆಚ್ಚಾಗಿವೆ, "ಒಳಗೆ ತೆರೆದು ನೋಡಲಾಗಿದೆಯೇ" ಎಂಬ ಸಾಲು ಇನ್ನೂ ಇಲ್ಲ. ನಾನು ಪೆನ್ನಿನಲ್ಲಿ ಬರೆದುಕೊಳ್ಳುತ್ತೇನೆ.

ಉದ್ಘಾಟನೆಯ ದಿನ ನೋಡಿದರೆ ಫಲಕದಲ್ಲಿ "ಯುದ್ಧವಿಮಾನ" ಎಂದು ಕೆತ್ತಿಸಿದ್ದರು. ತರಬೇತಿ ವಿಮಾನ ಎಂದು ತಿದ್ದಿಸಲು ಪ್ರಾಂಶುಪಾಲರ ಹತ್ತಿರ ಹೊರಟವನು, ಬಾಲದ ರಡ್ಡರ್ ಕೆಳಗಿನ ತಗ್ಗಿಗೆ ನಾವು ಮೆತ್ತಿದ ಪುಟ್ಟಿ ಬಿಸಿಲಿಗೆ ಎದ್ದು ಕಾಣುತ್ತಿದ್ದುದನ್ನು ಕಂಡು, ಹಿಂದಿನ ಸಾಲಿನಲ್ಲಿ ಅಟೆಂಡರ್ ಪಕ್ಕ ಹೋಗಿ ಕುಳಿತೆ.