ಬೋರ್ಡ್ ತಗೊಳ್ಳಲಾ, ಸಿಮ್ಯುಲೇಟರ್ ಸಾಕಾ?

ಎಂಬೆಡೆಡ್ (ಯಂತ್ರಗಳೊಳಗಿನ ಪುಟ್ಟ ಕಂಪ್ಯೂಟರ್‌ಗಳ ಪ್ರೋಗ್ರಾಮಿಂಗ್) ಕಲಿಯಲು ಹೊರಟವರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಇದೊಂದನ್ನೇ: "ಸರ್, ಎಸ್‌ಪಿ ರೋಡಿಗೆ ಹೋಗಿ ಬೋರ್ಡ್ ತರಲಾ, ಇಲ್ಲಾ ಸಿಮ್ಯುಲೇಟರ್‌ನಲ್ಲೇ ಓಎಸ್ ಓಡಿಸಿದರೆ ಸಾಕಾ?" ಎಸ್‌ಪಿ ರೋಡ್ ಅಂದರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ; ಬೋರ್ಡ್ ಅಂದರೆ ಚಿಪ್ ಕೂರಿಸಿದ ಹಲಗೆ.

ಈಗಲೇ ಬೋರ್ಡ್ ಬೇಡ. ಕ್ಯೂಎಮು ಎಂಬ ಸಿಮ್ಯುಲೇಟರ್ ಹಾಕಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಅದರೊಳಗಿನ 'ವರ್ಟ್' ಎಂಬ ಕಾಲ್ಪನಿಕ ರಿಸ್ಕ್-ಫೈವ್ (ಒಂದು ಬಗೆಯ ಪ್ರೊಸೆಸರ್) ಮಷೀನ್ ಮೇಲೆ ಫ್ರೀಆರ್‌ಟಿಓಎಸ್ ಎಂಬ ಪುಟ್ಟ ಓಎಸ್ ಚೆನ್ನಾಗಿ ಓಡುತ್ತದೆ.

ಬೋರ್ಡ್‌ನಲ್ಲಿ ಟೈಮರ್ ಇಂಟರಪ್ಟ್ (ಟೈಮರ್ ಆಗಾಗ ಪ್ರೊಸೆಸರನ್ನು ತಡೆದು ಕರೆಯುವ ಸಂಕೇತ) ಕೆಟ್ಟರೆ ಕಾಣುವುದು ಏನು? ಮಿನುಗದ ಎಲ್‌ಇಡಿ, ಅಷ್ಟೇ. ತಪ್ಪು ಕೋಡಿನದೋ ಕೇಬಲ್‌ನದೋ, ಯಾರಿಗೆ ಗೊತ್ತು? ಸುಮ್ನೆ ಅಂಗಡಿಯವನನ್ನು ಬೈಯುತ್ತೇವೆ.

ನಾನೇ ಬರೆದ ಪುಟಾಣಿ ಕರ್ನಲ್ (ಓಎಸ್‌ನ ತಿರುಳು) ಒಮ್ಮೆ ಟೈಮರಿನ ಮೊದಲ ಟಿಕ್‌ಗೇ ಸತ್ತುಹೋಗುತ್ತಿತ್ತು. ಕ್ಯೂಎಮುವನ್ನು ಮೊದಲ ಇನ್‌ಸ್ಟ್ರಕ್ಷನ್‌ಗೆ ಮುಂಚೆಯೇ ನಿಲ್ಲಿಸಿ, ಜಿಡಿಬಿ ಎಂಬ ಡೀಬಗರ್ ಜೋಡಿಸಿ, ಒಂದೊಂದೇ ಹೆಜ್ಜೆ ನಡೆಸಿದೆ. ಇಂಟರಪ್ಟ್ ಬಂದರೆ ಎಲ್ಲಿಗೆ ಹೋಗಬೇಕು ಎಂದು ಹೇಳುವ ರಿಜಿಸ್ಟರ್ ಎಮ್‌ಟಿವೆಕ್. ಅದಕ್ಕೆ ಹ್ಯಾಂಡ್ಲರ್‌ನ (ಇಂಟರಪ್ಟ್ ಬಂದಾಗ ಓಡುವ ಕೋಡಿನ) ವಿಳಾಸ ಬರೆದ ಮೇಲೂ ಅಲ್ಲಿ ಸೊನ್ನೆಯೇ! ವಿಳಾಸ ನೋಡಿದೆ, ಕೊನೆಯ ಅಂಕಿ 2. ಕಂಪ್ರೆಸ್ಡ್ (2 ಬೈಟ್‌ನ) ಇನ್‌ಸ್ಟ್ರಕ್ಷನ್ ಇದ್ದಾಗ ಕೋಡ್ 2 ಬೈಟ್‌ಗಳ ಗಡಿಯಲ್ಲೂ ಕೂರಬಹುದು. ಆದರೆ ಎಮ್‌ಟಿವೆಕ್‌ನ ಕೊನೆಯ ಎರಡು ಬಿಟ್ ವಿಳಾಸಕ್ಕಲ್ಲ, ಮೋಡ್‌ಗೆ (ಹ್ಯಾಂಡ್ಲರಿಗೆ ಹೋಗುವ ಬಗೆಗೆ) ಮೀಸಲು. ನನ್ನ ವಿಳಾಸದಿಂದ ಅಲ್ಲಿಗೆ ಬಿದ್ದದ್ದು ಯಾವ ಮೋಡೂ ಅಲ್ಲ, ಹಾಗಾಗಿ ಕ್ಯೂಎಮು ಅದನ್ನು ತಗೊಳ್ಳಲೇ ಇಲ್ಲ. ಹ್ಯಾಂಡ್ಲರನ್ನು 4ರ ಗಡಿಗೆ ಕೂರಿಸಲು ಒಂದು ಸಾಲು ಸಾಕಾಯಿತು. ಬೋರ್ಡ್‌ನಲ್ಲಾಗಿದ್ದರೆ ಇದಕ್ಕೆ ಒಂದು ವಾರ ಹೋಗುತ್ತಿತ್ತು.

ಹಾಗಂತ ಸಿಮ್ಯುಲೇಟರನ್ನು ಪೂರ್ತಿ ನಂಬಬೇಡಿ. ಕ್ಯೂಎಮು ಶುರುವಾದಾಗ ರ್‍ಯಾಮ್ ತುಂಬಾ ಸೊನ್ನೆ ಇರುತ್ತದೆ. ಬಿಎಸ್‌ಎಸ್ (ಆರಂಭದ ಬೆಲೆ ಕೊಡದ ವೇರಿಯಬಲ್‌ಗಳ) ಭಾಗವನ್ನು ಸೊನ್ನೆ ಮಾಡುವುದನ್ನು ನಾನು ಮರೆತದ್ದು ಅಲ್ಲಿ ಗೊತ್ತೇ ಆಗಲಿಲ್ಲ. ರ್‍ಯಾಮ್‌ನಲ್ಲಿ ಏನೇನೋ ಇದ್ದ ನಿಜವಾದ ಬೋರ್ಡ್‌ಗೆ ಹಾಕಿದೆ ನೋಡಿ, ಟಾಸ್ಕ್‌ಗಳ (ಓಎಸ್ ಓಡಿಸುವ ಕೆಲಸಗಳ) ಎಣಿಕೆ ಎರಡು ಇರಬೇಕಾದ ಕಡೆ ಲೆಕ್ಕಕ್ಕೇ ಸಿಗದ ಸಂಖ್ಯೆ. ವೇಗದ ಅಳತೆಯೂ ಅಷ್ಟೇ. ಕ್ಯೂಎಮು ನಿಮ್ಮ ಕೋಡನ್ನು ಲ್ಯಾಪ್‌ಟಾಪ್‌ನ ಇನ್‌ಸ್ಟ್ರಕ್ಷನ್‌ಗಳಿಗೆ ಬದಲಿಸಿ ಓಡಿಸುತ್ತದೆ, ಚಿಪ್ಪಿನ ಕ್ಲಾಕ್ ಸೈಕಲ್ ಎಣಿಸುವುದಿಲ್ಲ. ಅಲ್ಲಿ ಅಳೆದ ಸಮಯವನ್ನು ಪ್ರಾಜೆಕ್ಟ್ ರಿಪೋರ್ಟಿಗೆ ಹಾಕಬೇಡಿ.

ಎರಡು ಟಾಸ್ಕ್ ಸರದಿಯಂತೆ ಓಡತೊಡಗಿದ ದಿನ ಎಸ್‌ಪಿ ರೋಡಿಗೆ ಹೊರಡಿ. ಜೊತೆಗೆ ಯುಎಸ್‌ಬಿ ಸೀರಿಯಲ್ ಕೇಬಲ್ಲೂ ತನ್ನಿ.

ಆಮೇಲೆ, ಸೀರಿಯಲ್ ಕನ್ಸೋಲ್‌ನಲ್ಲಿದ್ದಾಗ ಕ್ಯೂಎಮುವಿನಿಂದ ಹೊರಬರಲು ಕಂಟ್ರೋಲ್-ಎ ಒತ್ತಿ, ಬಿಟ್ಟು, ಎಕ್ಸ್ ಒತ್ತಬೇಕು. ಇದನ್ನೂ ಜಾಸ್ತಿ ಜನ ಕೇಳುತ್ತಾರೆ.