ದೊಡ್ಡಪ್ಪಂಗೆ ಮಾರ್ಫಿನ್ ಇಂಜೆಕ್ಷನ್ ಕೊಟ್ಟ ದಿನ

ದೊಡ್ಡಪ್ಪಂಗೆ ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿತ್ತು. ಆವತ್ತು ಬೆಳಗ್ಗೆ ಆಸ್ಪತ್ರೆಗೆ ಕರ್ಕೊಂಡು ಹೋದಾಗ ಮಗ್ಗಲು ತಿರುಗ್ಸೋಕೂ ಬಿಡ್ತಿರ್ಲಿಲ್ಲ, ನೋವು ಹತ್ತಕ್ಕೆ ಎಷ್ಟಿದೆ ಅಂತ ಡಾಕ್ಟರ್ ಕೇಳಿದ್ರೆ "ಹತ್ತು ಸಾಲಲ್ಲ ತಾಯಿ" ಅಂದ್ರು. ಮಾರ್ಫಿನ್ ಅಂದ್ರೆ ಅಫೀಮಿಂದ ತೆಗೆಯೋ ಬಲವಾದ ನೋವಿನ ಔಷಧಿ, ಆ ಹೆಸರು ಕೇಳಿದ ತಕ್ಷಣ ದೊಡ್ಡಮ್ಮ ಅಳೋಕೆ ಶುರು ಮಾಡಿದ್ರು, ಅದು ಸಾಯೋರಿಗೆ ಕೊಡೋದಲ್ವಾ ಅಂತ. ಡಾಕ್ಟರ್ ಪಕ್ಕದಲ್ಲೇ ಕೂತು, "ಅಮ್ಮ, ಒಂದೇ ಸಲ ಪೂರ್ತಿ ಕೊಡಲ್ಲ, ಸ್ವಲ್ಪ ಸ್ವಲ್ಪ ಕೊಟ್ಟು ನೋಡ್ತಾ ಇರ್ತೀವಿ, ನೀವೂ ಇಲ್ಲೇ ಇರಿ" ಅಂದ್ರು.

ಕೊಡೋಕೆ ಮುಂಚೆ ಕೇಳಿದ ಪ್ರಶ್ನೆಗಳೇ ಎಷ್ಟೊಂದು! ಕಿಡ್ನಿ ರಿಪೋರ್ಟ್ ನೋಡಿದ್ರು, ಯಾಕಂದ್ರೆ ಕಿಡ್ನಿ ವೀಕ್ ಇದ್ರೆ ಔಷಧಿ ಅಂಶ ಮೈಯಲ್ಲೇ ಉಳ್ಕೊಳ್ಳುತ್ತೆ. ಕುಡಿಯೋ ಅಭ್ಯಾಸ ಇದ್ಯಾ, ಉಬ್ಬಸ ಇದ್ಯಾ, ನಿದ್ದೆ ಮಾತ್ರೆ ತಗೋತಾರಾ ಅಂತೆಲ್ಲ ಕೇಳಿದ್ರು. ದೊಡ್ಡಪ್ಪ ರಾತ್ರಿ ಆಲ್ಪ್ರಜೋಲಮ್ ಅನ್ನೋ ನಿದ್ದೆ ಮಾತ್ರೆ ತಗೋತಿದ್ರು, ಅದೂ ಮಾರ್ಫಿನ್ನೂ ಸೇರಿದ್ರೆ ಉಸಿರಾಟ ಕುಗ್ಗೋ ಅಪಾಯ ಜಾಸ್ತಿ, ಆ ಮಾತ್ರೇನ ನಾವು ಹೇಳೋವರೆಗೂ ಕೊಡ್ಬೇಡಿ ಅಂದ್ರು.

ಬೀಗ ಹಾಕಿದ ಕಪಾಟಿಂದ ಆಂಪೂಲ್ (ಔಷಧಿಯ ಪುಟ್ಟ ಗಾಜಿನ ಸೀಸೆ) ತೆಗೆದಾಗ ಇಬ್ಬರು ಸಿಸ್ಟರ್ಸ್ ಹೆಸರು, ಡೋಸ್ ಎಲ್ಲ ಓದಿ ರಿಜಿಸ್ಟರ್‌ಗೆ ಸಹಿ ಹಾಕಿದ್ರು. 15 ಮಿಲಿಗ್ರಾಂ ಔಷಧೀನ 10 ಎಂಎಲ್ ಆಗೋ ಹಾಗೆ ಸಲೈನ್ ಬೆರೆಸಿ ಒಂದ್ ಎಂಎಲ್ ಅಂದ್ರೆ ಒಂದೂವರೆ ಮಿಲಿಗ್ರಾಂ ನಿಧಾನಕ್ಕೆ ಐವಿಯಲ್ಲಿ ಕೊಟ್ಟು, ಹತ್ತು ನಿಮಿಷ ಕಾದು, ನೋವು ಹೇಗಿದೆ ಅಂತ ಕೇಳಿ, ಉಸಿರು ಎಣಿಸಿ, ಆಮೇಲೆ ಇನ್ನೊಂದ್ ಎಂಎಲ್. ಪಕ್ಕದ ಟ್ರೇನಲ್ಲಿ ನಾಲಾಕ್ಸೋನ್ ರೆಡಿ ಇತ್ತು, ಮಾರ್ಫಿನ್ ಹೆಚ್ಚಾಗಿ ಉಸಿರು ಕುಗ್ಗಿದ್ರೆ ಮಾರ್ಫಿನ್ನಿನ ಪರಿಣಾಮ ಇಳಿಸೋ ಔಷಧಿ. ಉಸಿರು ನಿಧಾನ ಆಗೋಕೆ ಮುಂಚೆ ಸಾಮಾನ್ಯವಾಗಿ ಮಂಪರು ಏರುತ್ತೆ, ಅದಕ್ಕೇ ಸಿಸ್ಟರ್ ಆಗಾಗ "ಯಜಮಾನ್ರೇ, ಯಾವ ಊರು ನಿಮ್ದು?" ಅಂತ ಮಾತಾಡ್ಸ್ತಾನೇ ಇದ್ರು. ಕೂಗೋದು ನಿಂತು ಮುಖದ ಗಂಟು ಸಡಿಲ ಆಯ್ತು, ಊರ ಹೆಸರು ಹೇಳಿ ಮಳೆ ಆಯ್ತಾ ಅಂತ ನನ್ನೇ ಕೇಳಿದ್ರು. ಸಿರಿಂಜಲ್ಲಿ ಉಳಿದಿದ್ದನ್ನೂ ಇಬ್ಬರೇ ಸೇರಿ ಚೆಲ್ಲಿ ಬರೆದಿಟ್ರು.

ನಂಗೆ ಹೊಟ್ಟೆ ಉರಿಯೋದು ಇದಕ್ಕೆ: ಅಫೀಮು ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಲೈಸೆನ್ಸ್ ಮೇಲೆ ನಮ್ಮಲ್ಲೇ ಬೆಳೀತಾರೆ, ಮಾದಕ ವಸ್ತುಗಳನ್ನ ಹಿಡಿತದಲ್ಲಿಡೋ 1985ರ ಎನ್‌ಡಿಪಿಎಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದು ಆಸ್ಪತ್ರೆಗಳಿಗೆ ಲೈಸೆನ್ಸ್ ಗೋಳು ಕಮ್ಮಿ ಮಾಡಿದ್ರು, ಆದ್ರೂ ಎಷ್ಟೋ ಕಡೆ ಈ ಔಷಧಿ ಸಿಗಲ್ಲ, ಇನ್ನೆಷ್ಟೋ ಮನೇಲಿ ಹೆದರಿ ಬೇಡ ಅಂತಾರೆ. ಆ ಹೆದರಿಕೆಯ ಖರ್ಚೆಲ್ಲ ಹಾಸಿಗೆ ಮೇಲಿರೋರ ತಲೆಗೇ ಬರುತ್ತೆ.

ಇಂಜೆಕ್ಷನ್ನು ಆ ಹೊತ್ತಿನ ಕಷ್ಟಕ್ಕೆ ಅಷ್ಟೇ, ಮನೆಗೆ ಮಾರ್ಫಿನ್ ಮಾತ್ರೆ ಕೊಟ್ರು, ನಾಲ್ಕು ಗಂಟೆಗೊಂದು, ಜೊತೆಗೆ ಮಲಬದ್ಧತೆಗೆ ಸಿರಪ್. ನೋವಿದ್ರೂ ಕೇಳದೆ ಡೋಸ್ ಏರಿಸ್ಬಾರ್ದು, ಕಮ್ಮಿ ಆಯ್ತು ಅಂತ ತಟ್ಟನೆ ನಿಲ್ಲಿಸ್ಲೂಬಾರ್ದು, ಎಬ್ಬಿಸಿದ್ರೂ ಏಳದಿದ್ರೆ ಕಾಯದೆ ಆಸ್ಪತ್ರೆಗೆ ಬರ್ಬೇಕು. ದೊಡ್ಡಮ್ಮ ಮಾತ್ರೆ ಬೀರುವಲ್ಲಿಟ್ಟು ಬೀಗದ ಕೈ ಸೊಂಟಕ್ಕೆ ಸಿಗಿಸ್ಕೊಂಡು, ಕೊಟ್ಟ ಟೈಮನ್ನೆಲ್ಲ ಕ್ಯಾಲೆಂಡರ್ ಮೇಲೆ ಬರೀತಿದ್ರು, ಮುಂದಿನ ಸಲ ಡಾಕ್ಟರ್ ಅದನ್ನ ನೋಡೇ ಡೋಸ್ ಸರಿ ಮಾಡಿದ್ದು.